ತಂಗಿಯ ಬಗ್ಗೆ ಬಂದ ಫೋನು

ಮುಚ್ಚಿಡುವುದೇನು, ತಂಗಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ವಿದೇಶ ವರದಿಗಾರ್ತಿಯಾಗಬೇಕು ಅನ್ನುವುದು ಮೊದಲಿಂದ ನನ್ನ ಹುಚ್ಚು. ಕೋಣೆಯ ಗೋಡೆಗೆ ಭೂಪಟ ಅಂಟಿಸಿದವಳು ನಾನು, ಎರಡು ಪರಭಾಷೆ ಉರು ಹೊಡೆದವಳು ನಾನು. ಅವಳು ನನ್ನ ಹಳೇ ಪುಸ್ತಕಗಳನ್ನೇ ಓದಿ, ನನ್ನ ಬೆನ್ನಿಗೇ ಬಂದು, ಅದೇ ಸುದ್ದಿಸಂಸ್ಥೆಯ ಇಂಟರ್ನ್‌ಶಿಪ್‌ಗೆ ಅರ್ಜಿ ಗುಜರಾಯಿಸಿದಳು. ಇದ್ದದ್ದು ಒಂದೇ ಜಾಗ, ಗಡಿಯಾಚೆಯ ಕಚೇರಿಯಲ್ಲಿ ಆರು ತಿಂಗಳು. ಕೊನೆಯ ಸುತ್ತಿಗೆ ಉಳಿದವರು ನಾವಿಬ್ಬರೇ.

"ಯಾರಿಗೆ ಸಿಕ್ಕಿದ್ರೂ ನಮ್ಮ ಮನೆಗೇ ಬಂತಲ್ಲ!" ಎಂದು ಅಪ್ಪ ಬೀಗುತ್ತಿದ್ದರು. ಅವರಿಗೇನು, ಹೇಳುತ್ತಾರೆ.

ಆ ಸಂಸ್ಥೆಯದೊಂದು ಪದ್ಧತಿ. ಹೊರದೇಶಕ್ಕೆ ಕಳಿಸುವ ಮುನ್ನ ಅಭ್ಯರ್ಥಿಯ ಮನೆಯವರೊಬ್ಬರ ಜೊತೆ ವಿದೇಶ ಸಂಪಾದಕರೇ ಫೋನಿನಲ್ಲಿ ಮಾತಾಡುತ್ತಾರೆ. ಯಾರ ಜೊತೆ ಅನ್ನುವುದನ್ನು ಅರ್ಜಿಯಲ್ಲೇ ಬರೆಯಬೇಕು. ನಾನು ಅಪ್ಪನ ಹೆಸರು ಬರೆದಿದ್ದೆ.

ಬುಧವಾರ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. ಸಂಪಾದಕರ ದನಿ ಕೇಳಿ ಸ್ವರ್ಗಕ್ಕೆ ಮೂರೇ ಗೇಣು.

"ನಿಮ್ಮ ತಂಗಿ ನಿಮ್ಮ ಹೆಸರು ಕೊಟ್ಟಿದ್ದಾರೆ," ಅಂದರು ಅವರು. "ನೀವೂ ಸ್ಪರ್ಧೇಲಿದ್ದೀರಿ, ಗೊತ್ತು. ಆದ್ರೂ ನಿಯಮ ನಿಯಮವೇ. ಗಲಾಟೆ ನಡೀತಿರೋ ಊರಿಗೆ ಕಳಿಸಿದ್ರೆ ಅವರು ಹೇಗಿರ್ತಾರೆ?"

ಮೂರು ಗೇಣು ಮುನ್ನೂರು ಮೈಲಿಯಾಯಿತು. ಕಲ್ಲು ತೂರಾಟದ ನಡುವೆ ನಗುನಗುತ್ತಾ ಫೋಟೊ ತೆಗೆದವಳು ಅವಳು. ಅವಳ ಧೈರ್ಯ ಊರಿಗೇ ಗೊತ್ತು. ಆದರೆ ನನ್ನ ನಾಲಿಗೆ ನೆಟ್ಟಗಿರಬೇಕಲ್ಲ!

"ಮಹಾ ಪುಕ್ಕಲಿ ಸರ್. ಬಾಗಿಲು ಜೋರಾಗಿ ಬಡಿದ್ರೂ ಕೈ ನಡುಗುತ್ತೆ. ಅಲ್ಲಿಂದ ಮೊದಲು ಓಡಿ ಬರೋಳೇ ಅವಳು."

ಅವರು ಏನೋ ಬರೆದುಕೊಂಡರು. "ನಿಮ್ಮ ಅಪ್ಪ, 'ನನ್ನ ದೊಡ್ಡ ಮಗಳಿಗೆ ಭಯ ಅಂದ್ರೇನು ಅಂತಾನೇ ಗೊತ್ತಿಲ್ಲ' ಅಂದ್ರು. ಅಂಥವರನ್ನ ನಾನು ಕಳಿಸಲ್ಲಮ್ಮ. ಒಬ್ಬರನ್ನ ಹಾಗೆ ಕಳಿಸಿ ಕಳ್ಕೊಂಡಿದ್ದೀನಿ. ಹೆದರೋರು ವಾಪಸ್ ಬಂದು ಸುದ್ದಿ ಬರೀತಾರೆ. ಜಾಗ ನಿಮ್ಮ ತಂಗಿಗೆ."

ನನ್ನ ಗುಂಡಿ ನಾನೇ ತೋಡಿಕೊಂಡಿದ್ದೆ. ಅಪ್ಪನೂ ಎರಡು ಬುಟ್ಟಿ ಮಣ್ಣು ಎತ್ತಿಹಾಕಿದ್ದರು.

ಸಂಜೆ ತಂಗಿ ಕೋಣೆಗೆ ಬಂದು ಚಿಲಕ ಹಾಕಿದಳು. "ನೀನು ಏನು ಹೇಳಿದೆ ಅಂತ ಸಂಪಾದಕರು ಹೇಳಿದ್ರು ಕಣೇ, ಅಕ್ಕ."

ಈಗ ಮಂಗಳಾರತಿ ಎಂದುಕೊಂಡು ತಲೆ ತಗ್ಗಿಸಿದೆ. ಅವಳು ಬಂದು ನನ್ನ ಕೊರಳಿಗೆ ಜೋತುಬಿದ್ದಳು.

"ಎಲ್ಲರ ಮುಂದೆ ನಗ್ತಾ ಇರ್ತೀನಿ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಿ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಿನಗೊಬ್ಬಳಿಗೆ ಹೇಗೆ ಗೊತ್ತಾಯ್ತು?"

ಅವಳ ಕೈ ನಿಜಕ್ಕೂ ನಡುಗುತ್ತಿತ್ತು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದೇವೆ, ನನಗೆ ಒಂದು ದಿನವೂ ಕಂಡಿರಲಿಲ್ಲ.

"ನಿನ್ನಕ್ಕ ಅಲ್ವೇನೇ, ಗೊತ್ತಾಗದೆ ಇರುತ್ತಾ?" ಎಂದು ಇನ್ನೊಂದು ಸುಳ್ಳು ಹೇಳಿದೆ.