ಹದಿನೇಳು ಲೋಕದ ನಿಲ್ದಾಣ

ಎಷ್ಟು ಬಿಡಿಸಿದರೂ ಫ್ಲೆಕ್ಸು ಮತ್ತೆ ಸುತ್ತಿಕೊಳ್ಳುತ್ತಿತ್ತು. ಮಕ್ಸೂದ್ ಒಂದು ಮೂಲೆಗೆ ನೀರಿನ ಚೊಂಬು ಇಟ್ಟ, ಇನ್ನೊಂದಕ್ಕೆ ತನ್ನ ಹೆಲ್ಮೆಟ್ಟು. ಉಳಿದೆರಡು ಮೂಲೆಗಳನ್ನು ಪುಟ್ಟಸ್ವಾಮಿ ಮೊಣಕಾಲಿನಲ್ಲಿ ಅದುಮಿ ಹಿಡಿದು, "ಏನ್ಲಾ ಇದು, ಲೀಡರ್‌ಗಳ ಬರ್ತ್‌ಡೇಗೂ ಇಷ್ಟು ದಪ್ಪದ್ದು ಆಕಲ್ವಲ್ಲೋ ನೀನು" ಅಂದ.

ಮಂಡ್ಯದ ಗುತ್ತಲಿನ ತನ್ನ ಅಂಗಡಿಯಲ್ಲಿ ಮಕ್ಸೂದ್ ಹನ್ನೊಂದು ವರ್ಷದಿಂದ ಹುಟ್ಟುಹಬ್ಬದ, ಗೃಹಪ್ರವೇಶದ, ಶ್ರದ್ಧಾಂಜಲಿಯ ಫ್ಲೆಕ್ಸು ಹೊಡೆಯುತ್ತಿದ್ದಾನೆ. ಇಂಥದ್ದನ್ನು ಹೊಡೆದದ್ದು ಇದೇ ಮೊದಲು. ನಡುವೆ ಒಂದು ಬಸ್ ನಿಲ್ದಾಣ. ಅಲ್ಲಿಂದ ಹೊರಟ ಹದಿನೇಳು ರಸ್ತೆ, ಒಂದೊಂದರ ತುದಿಗೂ ಒಂದೊಂದು ಲೋಕ.

ಗೋಡೆಗೆ ಒರಗಿ ಕೂತಿದ್ದ ಚಲುವರಾಜು ಅದನ್ನು ನೋಡಿದ. ನೋಡಿ, "ಚೆನ್ನಾಗಿದೆ ಸಾರ್" ಎಂದು ನಕ್ಕ.

ಆ ಹದಿನೇಳು ಲೋಕವನ್ನೂ ಹುಟ್ಟಿಸಿದವನು ಅವನೇ. ಇಪ್ಪತ್ತು ವರ್ಷದ ಹಿಂದೆ, ಮೂವರೂ ಮಂಡ್ಯದಲ್ಲಿ ಡಿಗ್ರಿ ಓದುತ್ತಿದ್ದಾಗ, ಚಲುವರಾಜು ಎಲ್ಲಿಂದಲೋ ಒಂದು ವಿದೇಶಿ ಆಟದ ಪುಸ್ತಕದ ಜೆರಾಕ್ಸ್ ತಂದಿದ್ದ. ಒಬ್ಬ ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗಿನ ಜನರಾಗಿ, ಈಗ ನಾನು ಹೀಗೆ ಮಾಡುತ್ತೇನೆ ಎನ್ನಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪುಸ್ತಕದಲ್ಲಿದ್ದ ಕೋಟೆ, ರಾಕ್ಷಸರನ್ನೆಲ್ಲ ಚಲುವರಾಜು ಪಕ್ಕಕ್ಕಿಟ್ಟ. ಅವನ ಕಥೆ ಒಂದು ಬಸ್ ನಿಲ್ದಾಣದಲ್ಲಿ ಶುರುವಾಗುತ್ತಿತ್ತು. ಅಲ್ಲಿಂದ ಮಳವಳ್ಳಿಗೋ ಮದ್ದೂರಿಗೋ ಬಸ್ಸು ಹೋಗುತ್ತಿರಲಿಲ್ಲ. ಯಾರಿಗೂ ನೆರಳಿಲ್ಲದ ಲೋಕಕ್ಕೆ, ಸತ್ತವರು ಸೊಪ್ಪು ಮಾರುವ ಸಂತೆಗೆ, ಸುಳ್ಳು ಹೇಳಿದರೆ ಮಾತ್ರ ಹರಿಯುವ ಹೊಳೆಯ ದಡಕ್ಕೆ ಹೋಗುತ್ತಿತ್ತು. ಮೂರು ವರ್ಷ, ಒಂದು ಶನಿವಾರವೂ ತಪ್ಪದೆ ಆಡಿದರು. ಪುಟ್ಟಸ್ವಾಮಿ ಜೇಬುಗಳ್ಳ, ಮಕ್ಸೂದ್ ಒಕ್ಕಣ್ಣಿನ ಕಂಡಕ್ಟರ್. ಆಮೇಲೆ ಪುಟ್ಟಸ್ವಾಮಿ ವೈದ್ಯನಾಥಪುರದ ಹಾಲಿನ ಡೇರಿ ಸೇರಿದ, ಚಲುವರಾಜು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದ. ಆಟ ನಿಂತುಹೋಯಿತು.

ಹೋದ ಯುಗಾದಿಗೆ ಮುಂಚೆ, ಸ್ಕೂಲಿನಿಂದ ತನ್ನೂರು ಕೊಪ್ಪಕ್ಕೆ ವಾಪಸು ಬರುವಾಗ ಚಲುವರಾಜುವಿನ ಬೈಕು ಜಾರಿತು. ತಲೆಗೆ ಎರಡು ಆಪರೇಷನ್ ಆದವು. ಈಗ ಊಟ ಮಾಡುತ್ತಾನೆ, ನಡೆಯುತ್ತಾನೆ, ನಗುತ್ತಾನೆ. ಹೆಂಡತಿ ಕುಸುಮಳನ್ನೂ ಸೇರಿಸಿ ಎಲ್ಲರನ್ನೂ 'ಸಾರ್' ಎನ್ನುತ್ತಾನೆ. ಹಿಂದೆ ಏನು ಇಷ್ಟವಿತ್ತೋ ಅದನ್ನು ಮಾಡಿಸಿ ನೋಡಿ ಎಂದು ಡಾಕ್ಟರು ಹೇಳಿದ ದಿನವೇ ಕುಸುಮ ಟ್ರಂಕಿನಿಂದ ಐದು ನೋಟುಪುಸ್ತಕ ತೆಗೆದು ಮಕ್ಸೂದ್‌ಗೆ ಫೋನ್ ಮಾಡಿದ್ದಳು.

"ನಿಮ್ ಆಟದ್ದು ಎಲ್ಲಾ ಇದ್ರಲ್ಲೇ ಬರ್ದವ್ರೆ ಮಕ್ಸೂದಣ್ಣ. ಇದ್ನ ಕೇಳಿದ್ರಾದ್ರೂ ಏನಾರ ನೆಪ್ಪಾಯ್ತದೇನೋ."

ಆಟಕ್ಕೆ ಈಗ ಹೊಸ ನಿಯಮ, ಹೊಸ ಪುಸ್ತಕ ಬಂದಿತ್ತು. ಮಕ್ಸೂದ್ ಅದನ್ನು ತರಿಸಿಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಹಳೆಯ ನಿಲ್ದಾಣವನ್ನು ಹೊಸ ನಿಯಮಕ್ಕೆ ಹೊಂದಿಸುತ್ತ ಕೂತ. ವಾರ ಕಳೆಯುವುದರೊಳಗೆ ಅವನಿಗೆ ಗೊತ್ತಾಯಿತು. ನೋಟುಪುಸ್ತಕದಲ್ಲಿ ಏನೂ ಇರಲಿಲ್ಲ. ಇದ್ದದ್ದು ಬರೀ ಹೆಸರು, ಅರೆಬರೆ ಸಾಲು. 'ಒಂಬತ್ತನೇ ಪ್ಲಾಟ್‌ಫಾರ್ಮು. ಬಸ್ಸು ಬರುತ್ತೆ, ಹತ್ತಿಸಬೇಡ.' ಇನ್ನೊಂದು ಕಡೆ, 'ಉಪ್ಪಿನ ಮನೆ ಮುದುಕಿ. ಅವಳು ಯಾರು ಅಂತ ಕೊನೇಲಿ.' ಆ ಕೊನೆ ಯಾವ ಪುಟದಲ್ಲೂ ಇರಲಿಲ್ಲ. ಮೂರು ವರ್ಷ ತಾವು ಬಾಯಿಬಿಟ್ಟುಕೊಂಡು ಕೇಳಿದ್ದನ್ನೆಲ್ಲ ಚಲುವರಾಜು ಕೂತ ಜಾಗದಲ್ಲೇ ಕಟ್ಟಿ ಹೇಳಿದ್ದ. ಕುಸುಮಳಿಗೆ ಇದನ್ನು ಹೇಳಲು ಮಕ್ಸೂದ್‌ಗೆ ಬಾಯಿ ಬರಲಿಲ್ಲ. ತೂತು ಇದ್ದಲ್ಲೆಲ್ಲ ತನಗೆ ತೋಚಿದ್ದನ್ನು ತುಂಬಿದ. ನಾಲ್ಕು ತಿಂಗಳು ಹಿಡಿಯಿತು.

ಈ ಭಾನುವಾರ ಅದನ್ನೇ ಚಲುವರಾಜುವಿನ ಮನೆಗೆ ಹೊತ್ತು ತಂದಿದ್ದ. ಕುಸುಮ ಕಾಫಿ ಕೊಟ್ಟು, ಅಡುಗೆಮನೆಯ ಹೊಸಿಲ ಮೇಲೆ ಕೂತಳು.

ಆಟ ಶುರುವಾಯಿತು, ಈ ಸಲ ಕಥೆ ಹೇಳುವವನು ಮಕ್ಸೂದ್. ಪುಟ್ಟಸ್ವಾಮಿ ಮೊದಮೊದಲು ನಾಚಿಕೊಂಡವನು ಹತ್ತು ನಿಮಿಷದಲ್ಲಿ ಮತ್ತೆ ಜೇಬುಗಳ್ಳನಾದ. ಹೊಸ ನಿಯಮ ಹಗುರವಾಗಿತ್ತು, ಕಥೆ ಸರಾಗವಾಗಿ ಸಾಗಿತು. ಚಲುವರಾಜು ದಾಳ ಹಾಕು ಎಂದಾಗ ಹಾಕುತ್ತಿದ್ದ, ಅದು ಉರುಳುವುದನ್ನು ಕಂಡು ಖುಷಿಪಡುತ್ತಿದ್ದ. ಹನ್ನೆರಡು ಬಿದ್ದರೂ ನಗು, ಮೂರು ಬಿದ್ದರೂ ನಗು.

ಉಪ್ಪಿನ ಮನೆಯ ತನಕ ಹೀಗೇ ನಡೆಯಿತು.

"ಮುದುಕಿ ಬಾಗ್ಲು ತೆಗೀತಾಳೆ" ಎಂದ ಮಕ್ಸೂದ್. "ಚಲುವಾ, ಅವಳು ಯಾರು ಅಂತ ನಮಗೆ ಇವತ್ತು ಗೊತ್ತಾಗುತ್ತೆ ಕಣ್ಲಾ. ಅವಳು ನಮ್ ಬಸ್ಸಿನ ಡ್ರೈವರ್ ತಾಯಿ. ಮಗ ಬತ್ತಾನೆ ಅಂತ ಉಪ್ಪಿನ ಗೋಡೆ ಕಟ್ಕೊಂಡು..."

"ಅದಲ್ಲ."

ಯಾರು ಅಂದದ್ದೆಂದು ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಚಲುವರಾಜು ಗೋಡೆಯಿಂದ ಬೆನ್ನು ಎತ್ತಿದ್ದ. ಮುಖದಲ್ಲಿ ನಗುವಿರಲಿಲ್ಲ. ತರಗತಿಯಲ್ಲಿ ಯಾರೋ ತಪ್ಪು ಲೆಕ್ಕ ಒಪ್ಪಿಸಿದಂತೆ ಮಕ್ಸೂದ್‌ನನ್ನು ದುರುಗುಟ್ಟಿ ನೋಡುತ್ತಿದ್ದ.

ಕುಸುಮ ಹೊಸಿಲಿನಿಂದ ಎದ್ದು ನಿಂತಳು.

"ಅದಲ್ವಾ? ಮತ್ತೆ ಯಾರ್ಲಾ ಅವಳು?" ಪುಟ್ಟಸ್ವಾಮಿ ಮುಂದಕ್ಕೆ ಬಾಗಿದ. ಮೊಣಕಾಲು ಜರುಗಿ ಫ್ಲೆಕ್ಸಿನ ಮೂಲೆ ಸುತ್ತಿಕೊಂಡಿತು. "ಏಳ್ಲಾ ಚಲುವಾ. ನಿಂಗ್ ಗೊತ್ತು ಕಣ್ಲಾ. ಏಳು."

ಚಲುವರಾಜು ಬಲಗೈ ಎತ್ತಿದ. ಕಥೆಯ ಗುಟ್ಟು ಬಿಚ್ಚುವ ಮುಂಚೆ ಐದೂ ಬೆರಳು ಅಗಲಿಸಿ ಎತ್ತುತ್ತಿದ್ದನಲ್ಲ, ಥೇಟು ಹಾಗೆಯೇ. ಚಲುವರಾಜು ಬಾಯಿ ತೆರೆದ. ತುಟಿ ಏನನ್ನೋ ಹುಡುಕಿತು. ಎತ್ತಿದ ಕೈ ಹಾಗೇ ನಿಂತಿತು.

"ಅದು... ಅದಲ್ಲ. ಅವಳು... ಅದಲ್ಲ ಸಾರ್."

ಕಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಕುಸುಮ ಓಡಿ ಬಂದು ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ತಲೆ ತಿರುಗಿಸಿ ಮಕ್ಸೂದ್‌ನನ್ನು ನೋಡಿದಾಗ ಅವಳ ಮುಖದಲ್ಲಿ ಆಸೆ ಹೊತ್ತಿಕೊಂಡಿತ್ತು. "ಅವರ್ಗೆ ಗೊತ್ತದೆ ಮಕ್ಸೂದಣ್ಣ! ಒಳ್ಗೆ ಐತೆ. ಮುಂದಿನ್ ವಾರಾನೂ ಬನ್ನಿ."

ಮಕ್ಸೂದ್ ಆಗಲಿ ಅಂದ. ಮುಂದಿನ ವಾರ ಬಂದ, ಅದರ ಮುಂದಿನ ವಾರವೂ ಬಂದ. ಮುದುಕಿಯನ್ನು ರಾಣಿ ಮಾಡಿದ, ಹೊಳೆ ಮಾಡಿದ, ಕಂಡಕ್ಟರನ ಕಳೆದುಹೋದ ಕಣ್ಣು ಮಾಡಿದ. ಎಲ್ಲಕ್ಕೂ ಅದೊಂದೇ ಮಾತು. ನಾಲ್ಕನೇ ವಾರ ಅವನು ಫ್ಲೆಕ್ಸು ಬಿಚ್ಚುವಷ್ಟರಲ್ಲೇ ಚಲುವರಾಜು ಕಿವಿ ಮುಚ್ಚಿಕೊಂಡ. ಅಲ್ಲಿಗೆ ಆಟ ನಿಂತಿತು. ಆದರೆ ಆ ಮಾತು ನಿಲ್ಲಲಿಲ್ಲ. ತಟ್ಟೆಯ ಮುದ್ದೆ ನೋಡಿ ಅದಲ್ಲ ಅಂದ. ಹೊದಿಸಿದ ಕಂಬಳಿಗೆ ಅಂದ. ಒಂದು ಬೆಳಗ್ಗೆ ತಲೆ ಬಾಚಲು ಬಂದ ಕುಸುಮಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಬಹಳ ಹೊತ್ತು ನೋಡಿ, ಮೆಲ್ಲಗೆ ಅವಳಿಗೂ ಅಂದ.

ಸಂಕ್ರಾಂತಿ ಕಳೆದ ಮೇಲೆ ಪುಟ್ಟಸ್ವಾಮಿಯ ಫೋನು ಬಂತು. "ಒಂದ್ಸಲ ಕೊಪ್ಪುಕ್ಕೆ ಬಂದೋಗ್ಲಾ. ದಿನಾ ಬಸ್‌ಸ್ಟಾಪಲ್ಲೇ ಕುಂತಿರ್ತಾನೆ."

ಮಕ್ಸೂದ್ ಹೋದಾಗ ಹನ್ನೊಂದು ಗಂಟೆ. ಕೊಪ್ಪದ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಚಲುವರಾಜು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಊಟದ ಡಬ್ಬಿ ಹಿಡಿದು ಕುಸುಮ. ಮದ್ದೂರಿನ ಬಸ್ಸು ಬಂತು. ಚಲುವರಾಜು ಎದ್ದು, ಮುಂದೆ ಹೋಗಿ, ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿ, "ಅದಲ್ಲ" ಎಂದು ಬಂದು ಕೂತ. ಡ್ರೈವರು ರೂಢಿಯಾದವನಂತೆ ಅಷ್ಟು ಹೊತ್ತು ನಿಲ್ಲಿಸಿಕೊಂಡಿದ್ದು, ಆಮೇಲೆ ಗೇರು ಹಾಕಿದ.

"ಬೆಳಗ್ಗೆ ಫಸ್ಟ್ ಬಸ್ಸಿಂದ ಇಂಗೇಯ" ಎಂದಳು ಕುಸುಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದ್ಲು ಅವರ್ಗೆ ಏನೂ ಬೇಕಾಗಿರ್ಲಿಲ್ಲ ಮಕ್ಸೂದಣ್ಣ. ಕೂರ್ಸಿದ್ ಕಡೆ ನಗ್ತಾ ಕೂತಿರೋರು. ಈಗ ಏನೋ ಬೇಕು. ಅದೇನು ಅಂತ ನಂಗೂ ಗೊತ್ತಿಲ್ಲ, ಅವರ್ಗೂ ಗೊತ್ತಿಲ್ಲ."

"ನಂದೇ ತಪ್ಪು ಕಣಮ್ಮ."

"ಕರೆಸ್ದೋಳು ನಾನಲ್ವಾ" ಎಂದಳು ಕುಸುಮ.

ಮಳವಳ್ಳಿ ಬಸ್ಸು ತಿರುವಿನಲ್ಲಿ ಕಾಣಿಸಿತು. ಮಕ್ಸೂದ್‌ಗೆ ಏನನ್ನಿಸಿತೋ, ಚಲುವರಾಜುವಿನ ರಟ್ಟೆ ಹಿಡಿದು ಎಬ್ಬಿಸಿದ. "ಇದೇ ಕಣ್ಲಾ ಬಸ್ಸು. ನಾನ್ ಹೇಳ್ತೀನಲ್ಲ, ಇದೇಯ. ನಡಿ, ಇಬ್ರೂ ಹೋಗವಾ." ಮೆಟ್ಟಿಲ ತನಕ ಚಲುವರಾಜು ಬಂದ. ಒಂದು ಕಾಲನ್ನು ಮೇಲಿಟ್ಟು ಒಳಗೆ ಇಣುಕಿದ. ಕಿಟಕಿ ಪಕ್ಕ ಹೆಂಗಸರು, ಒಂದು ಗೊಬ್ಬರದ ಚೀಲ, ಟಿಕೆಟ್ ಮೆಷಿನ್ ಹಿಡಿದ ಕಂಡಕ್ಟರ್. ಕಾಲನ್ನು ಮೆಲ್ಲಗೆ ಇಳಿಸಿ, ಮಕ್ಸೂದ್‌ನ ಬೆರಳುಗಳನ್ನು ಒಂದೊಂದಾಗಿ ತನ್ನ ತೋಳಿನಿಂದ ಬಿಡಿಸಿ, ಬೆಂಚಿಗೆ ವಾಪಸು ಹೋದ.

ಆಚೆ ಬದಿಯಲ್ಲಿ ಸಣ್ಣತಾಯಮ್ಮ ಎಂಬ ಮುದುಕಿ, ಗಾಡಿಗಳು ತುಳಿದು ಕಾಳು ಬಿಡಲೆಂದು ರಸ್ತೆಗೆ ಹುರುಳಿ ಸೊಪ್ಪು ಹರಡಿದ್ದಳು. ಬಸ್ಸು ಅದನ್ನು ತುಳಿದುಕೊಂಡು ಹೋಯಿತು. ಹೊಟ್ಟಿನ ಧೂಳು ಎದ್ದು, ಬಿಸಿಲಿನಲ್ಲಿ ತೇಲಿ, ಮೂವರ ಮೇಲೂ ಇಳಿಯಿತು. ಮುದುಕಿ ನೆರಳಿನಿಂದ ಎದ್ದು ಬಂದು, ಕೋಲಿನಿಂದ ಸೊಪ್ಪನ್ನು ಮಗುಚಿ ಹಾಕಿ, ಮತ್ತೆ ನೆರಳಿಗೆ ಹೋದಳು.