ವಾಣಿಶ್ರೀಯವರ ನೀಲಿ ಮೀನು

ವಾಣಿಶ್ರೀಯವರ ಮೀನು ನಮ್ಮ ಮನೆಗೆ ಬಂದ ದಿನ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ನಮ್ಮ ಯಜಮಾನರು ಭೀಮರಾಜ್ ಬಕೆಟ್ಟನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ನೀರು ತುಳುಕದಂತೆ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದರು. ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡು ನಾನು ಆಸ್ಪತ್ರೆಯಿಂದ ಬಂದಾಗ ಇದೇ ಮನುಷ್ಯ ಆಟೋದವನ ಜೊತೆ ಜಗಳವಾಡುತ್ತಾ ಕೆಳಗೇ ನಿಂತಿದ್ದರು. ಈ ಮೆಟ್ಟಿಲನ್ನು ನಾನೊಬ್ಬಳೇ ಹತ್ತಿದ್ದೆ.

"ದಾರಿ ಬಿಡೇ ಮುನಿಲಕ್ಷ್ಮಿ, ಅದಕ್ಕೆ ಗಾಬರಿಯಾಗುತ್ತೆ" ಎಂದರು.

ಮೀನಿಗೆ ಗಾಬರಿಯಂತೆ. ನನಗೂ ಗಾಬರಿಯಾಗುತ್ತದೆ ಅನ್ನುವುದು ಈ ಮನುಷ್ಯನಿಗೆ ಒಂದು ದಿನವಾದರೂ ಹೊಳೆದಿದೆಯೇ?

ಇವರದು ಕೋಲಾರ ಬಸ್ ಸ್ಟ್ಯಾಂಡಿನ ಹಿಂದೆ ಅಕ್ವೇರಿಯಂ ಅಂಗಡಿ. ಗೋಲ್ಡ್ ಫಿಶ್, ಗಪ್ಪಿ ಮಾರಿಕೊಂಡು ತೆಪ್ಪಗಿದ್ದವರಿಗೆ ಈಚೆಗೆ ಸಮುದ್ರದ ಮೀನಿನ ಹುಚ್ಚು ಹತ್ತಿದೆ. ಪ್ಯಾಕೆಟ್ಟಿನಲ್ಲಿ ಬರುವ ಉಪ್ಪನ್ನು ಫಿಲ್ಟರ್ ನೀರಿಗೆ ಬೆರೆಸಿ ಸಮುದ್ರ ತಯಾರಿಸುತ್ತಾರೆ. ಅಂಥ ಸಮುದ್ರವನ್ನು ಮನೆಯಲ್ಲಿ ಇಡಿಸಿಕೊಂಡ ಗಿರಾಕಿ ಒಬ್ಬರೇ, ಶ್ರೀನಿವಾಸಪುರದ ಕಡೆ ಯಲ್ದೂರಿನ ವಾಣಿಶ್ರೀ. ಗಂಡ ತೀರಿಕೊಂಡ ಮೇಲೆ ಮಾವಿನ ತೋಟವನ್ನು ತಾವೇ ನೋಡಿಕೊಳ್ಳುವವರು, ಜೀಪನ್ನೂ ತಾವೇ ಓಡಿಸುವವರು. ಅವರನ್ನು ನಾನು ಕಂಡಿರಲಿಲ್ಲ. ವಾಟ್ಸಾಪಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದೆ. ಕೈಮಗ್ಗದ ಸೀರೆ, ಹಣೆಯ ಹತ್ತಿರ ಒಂದಿಷ್ಟು ಬಿಳಿಗೂದಲು. ಅದಕ್ಕೆ ಬಣ್ಣ ಕೂಡ ಹಚ್ಚಿರಲಿಲ್ಲ. ಹಚ್ಚದೆಯೂ ಅಷ್ಟು ಚೆನ್ನಾಗಿದ್ದರಲ್ಲ, ನನಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಅವರ ನೀಲಿ ಮೀನಿಗೆ ಬಿಳಿ ಚುಕ್ಕೆ ರೋಗ. ಮೈಮೇಲೆ ಉಪ್ಪು ಉದುರಿಸಿದ ಹಾಗೆ ಚುಕ್ಕೆಗಳು. ಕಣ್ಣಿಗೆ ಕಾಣದ ಹುಳವೊಂದು ಚರ್ಮದೊಳಗೆ ಸೇರಿಕೊಂಡು ಮಾಡುವ ಕಾಟವಂತೆ. ಇದನ್ನು ನನಗೆ ಯಾರೂ ಹೇಳಿದ್ದಲ್ಲ. ಫೋನು ಬಂದರೆ ಇವರು ಬಾಲ್ಕನಿಗೆ ಹೋಗುತ್ತಿದ್ದರು, ನಾನು ಬಟ್ಟೆ ಮಡಚುವ ನೆಪದಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದೆ.

"ಏಂ ಕಾದು ಲೇಂಡಿ, ಏನೂ ಆಗಲ್ಲ" ಎಂದು ತೆಲುಗು ಕನ್ನಡ ಎರಡರಲ್ಲೂ ಸಮಾಧಾನ ಮಾಡುತ್ತಿದ್ದರು. "ಹುಳ ಮೀನಿನ ಮೈಯಿಂದ ಉದುರಿ ತೊಟ್ಟಿ ತಳದಲ್ಲಿ ಮರಿ ಮಾಡುತ್ತೆ. ಅದಕ್ಕೇ ಮೀನು ತೆಗೆದು ನಿಮ್ಮ ತೊಟ್ಟೀನ ಎರಡು ತಿಂಗಳಿಗೂ ಹೆಚ್ಚು ದಿನ ಮೀನಿಲ್ಲದೆ ಬಿಡೋಣ. ಹಿಡ್ಕೊಳ್ಳೋಕೆ ಮೀನು ಸಿಗದೆ ತಾನೇ ಸಾಯುತ್ತೆ. ಮೀನಿಗೆ ತಾಮ್ರದ ಔಷಧಿ ನಮ್ಮನೇಲಿ, ಬೇರೆ ತೊಟ್ಟೀಲಿ ಹಾಕ್ತೀನಿ. ನಿಮ್ಮ ತೊಟ್ಟೀಗೆ ಹಾಕಿದ್ರೆ ಹವಳ, ಸಿಗಡಿ ಎಲ್ಲಾ ಹೋಗಿಬಿಡುತ್ತೆ."

ಎಂಥ ತಾಳ್ಮೆ, ಎಂಥ ಮೆದು ಮಾತು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೂ ಬೇಜಾರಿಲ್ಲ. ಫೋನಿಟ್ಟು ಒಳಗೆ ಬಂದ ಮೇಲೆ ನನಗೆ ಸಿಗುತ್ತಿದ್ದದ್ದು ಎರಡೇ ಮಾತು: "ತೊಟ್ಟಿ ಮುಟ್ಟಬೇಡ. ಊಟಕ್ಕೆ ಏನು?"

ಮೀನು ಗುಣವಾಗುತ್ತಾ ಬಂತು. ದಿನಾ ಬೆಳಿಗ್ಗೆ ಇವರು ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಪರೀಕ್ಷೆಯ ಹನಿ ಬೆರೆಸಿ, ತಾಮ್ರ ಎಷ್ಟಿದೆ ಎಂದು ಬಣ್ಣ ನೋಡುತ್ತಿದ್ದರು. ಆ ಬಣ್ಣದ ಫೋಟೋ ಯಲ್ದೂರಿಗೆ ಹೋಗುತ್ತಿತ್ತು. ನಾನು ಹೊಸ ಸೀರೆಯುಟ್ಟು ಎದುರಿಗೆ ನಿಂತರೂ ಆ ಕಣ್ಣು ನಳಿಕೆ ಬಿಟ್ಟು ಏಳುತ್ತಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಮೀನಿಲ್ಲದ ಆ ತೊಟ್ಟಿಯನ್ನು ಶುಚಿ ಮಾಡಲು ಬೈಕಿನಲ್ಲಿ ಯಲ್ದೂರಿಗೆ ಹೊರಟರು. ಅಲ್ಲಿ ಕರೆಂಟು ಸರಿಯಿಲ್ಲ, ಹವಳಕ್ಕೆ ಗಾಳಿ ಬೇಕು ಎಂದು ಮನೆಯಲ್ಲಿದ್ದ ಒಂದೇ ಒಂದು ಬ್ಯಾಟರಿ ಪಂಪನ್ನೂ ಎತ್ತಿಕೊಂಡು ಹೋದರು. ಇವರು ಹೋಗಿ ಸ್ವಲ್ಪ ಹೊತ್ತಿಗೆ ಬಿರುಗಾಳಿ ಎದ್ದಿತು. ಆಲಿಕಲ್ಲು ಬಿತ್ತು. ಕರೆಂಟು ಹೋಯಿತು, ತೊಟ್ಟಿಯ ಗುಳುಗುಳು ಶಬ್ದ ನಿಂತಿತು.

ಮೊದಮೊದಲು ನಾನು ಆ ಕಡೆ ತಿರುಗಲಿಲ್ಲ. ಆಮೇಲೆ ನೋಡಿದರೆ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಇವರಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಮತ್ತೆ ಮಾಡಿದೆ, ಸಿಗಲಿಲ್ಲ. ಸರಿ, ಸಾಯಲಿ ಎಂದುಕೊಂಡೆ. ಮುಟ್ಟಬೇಡ ಎಂದವರು ಅವರೇ. ನಾನು ಮುಟ್ಟಲಿಲ್ಲ. ನನ್ನದೇನು ತಪ್ಪು?

ಹಾಗೆ ಅಂದುಕೊಂಡು ಕುರ್ಚಿಯಲ್ಲಿ ಕೂತವಳಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಮೀನು ಸತ್ತರೆ ಆಕೆ ಅಳುತ್ತಾರೆ. ಅತ್ತರೆ ಸಮಾಧಾನ ಹೇಳಲು ಇವರು ಓಡುತ್ತಾರೆ. ಆಮೇಲೆ ಹೊಸ ಮೀನು ಆರಿಸಲು ಇಬ್ಬರೂ ಕೂಡಿ ಚೆನ್ನೈಗೆ ಹೋಗುತ್ತಾರೆ. ಆ ಮೀನಿಗೂ ರೋಗ ಬರುತ್ತದೆ. ಮತ್ತೆ ಫೋನು, ಮತ್ತೆ ಬಾಲ್ಕನಿ. ಅಯ್ಯೋ ನನ್ನ ಕರ್ಮವೇ, ಈ ಮೀನು ಸಾಯಲೇಬಾರದು. ನನ್ನ ಗಂಡ ನನಗೆ ಉಳಿಯಬೇಕಾದರೆ ಇದು ಗುಣವಾಗಿ ತನ್ನ ಮನೆಗೆ ತೊಲಗಬೇಕು.

ಕರೆಂಟು ಹೋದರೆ ಚೆಂಬಿನಲ್ಲಿ ನೀರೆತ್ತಿ ಮೇಲಿನಿಂದ ಹುಯ್ಯುತ್ತಿರಿ, ನೀರಿಗೆ ಗಾಳಿ ಸೇರುತ್ತದೆ ಎಂದು ಆಕೆಗೆ ಇವರು ಹೇಳಿಕೊಟ್ಟಿದ್ದನ್ನು ಕೇಳಿಸಿಕೊಂಡಿದ್ದೆ. ಅಡುಗೆಮನೆಗೆ ಓಡಿದೆ. ಕೈಗೆ ಮೊದಲು ಸಿಕ್ಕಿದ್ದು ಕುಡಿಯುವ ನೀರಿನ ತಾಮ್ರದ ಚೆಂಬು. ಔಷಧಿಯ ತಾಮ್ರ ಸ್ವಲ್ಪ ಹೆಚ್ಚಾದರೂ ಮೀನು ಉಳಿಯುವುದಿಲ್ಲ ಎಂದದ್ದೂ ಕಿವಿಗೆ ಬಿದ್ದಿತ್ತು. ಅದನ್ನು ಅಲ್ಲೇ ಇಟ್ಟು ಸ್ಟೀಲ್ ಚೆಂಬು ತಂದೆ.

ಎತ್ತುವುದು, ಹುಯ್ಯುವುದು. ಬಲಗೈ ಸೋತರೆ ಎಡಗೈ.

"ಏನೇ ಮಿಟುಕಲಾಡಿ" ಎಂದು ಮೀನನ್ನು ಬೈದೆ. "ಸತ್ತುಗಿತ್ತು ಹೋದೀಯಾ, ಹುಷಾರು. ನಿಮ್ಮಮ್ಮನ ಹತ್ರ ಹೋಗಿ ಏನಾದ್ರೂ ಮಾಡ್ಕೋ. ಇಲ್ಲಿ ಮಾತ್ರ ಬೇಡ."

ಅದು ಅಡಗಿಕೊಳ್ಳಲೆಂದು ಇವರು ತೊಟ್ಟಿಯಲ್ಲಿ ಹಾಕಿದ್ದ ಪೈಪಿನ ತುಂಡಿನ ಪಕ್ಕಕ್ಕೆ ಇಳಿದು ಈಜತೊಡಗಿತು. ಚೆಂಬು ನಿಲ್ಲಿಸಿದರೆ ಮತ್ತೆ ಮೇಲೆ ಬರುತ್ತಿತ್ತು. ಹಾಗಾಗಿ ನಾನು ನಿಲ್ಲಿಸಲಿಲ್ಲ. ಭುಜ ಹಿಡಿದುಕೊಂಡಿತು, ಸೀರೆಯೆಲ್ಲ ಒದ್ದೆಯಾಯಿತು, ಮಧ್ಯಾಹ್ನ ಮಾಡಿಟ್ಟ ಮುದ್ದೆ ತಣ್ಣಗಾಯಿತು.

ಸಂಜೆ ಕತ್ತಲಾಗುವ ಹೊತ್ತಿಗೆ ಕೆಳಗೆ ಜೀಪು ನಿಂತ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಇವರು ಇಳಿದರು, ಆ ಕಡೆಯಿಂದ ವಾಣಿಶ್ರೀ ಇಳಿದರು. ರಸ್ತೆಯಲ್ಲಿ ಮರ ಬಿದ್ದಿತ್ತು, ಬೈಕು ಕೆಟ್ಟಿತ್ತು ಎಂಬುದೆಲ್ಲ ಆಮೇಲೆ ತಿಳಿದದ್ದು. ಆಗ ಕಂಡದ್ದು ಒಂದೇ ಜೀಪಿನಿಂದ ಇಳಿದ ಇಬ್ಬರು ಮಾತ್ರ. ಕೈಯಲ್ಲಿದ್ದ ಚೆಂಬನ್ನು ಅವರ ತಲೆಗೇ ಎಸೆಯೋಣ ಎನ್ನಿಸಿತು.

ಇವರು ಚಪ್ಪಲಿ ಬಿಡದೆ ಒಳಗೆ ನುಗ್ಗಿ ತೊಟ್ಟಿಯ ಮುಂದೆ ಮಂಡಿಯೂರಿದರು. ಗಾಜಿಗೆ ಮೂಗು ತಾಗಿಸಿ, "ಬಂಗಾರಾ, ಇದ್ದೀಯಾ?" ಎಂದರು.

ಮದುವೆಯಾದಾಗಿನಿಂದ ಆ ಮಾತು ಈ ಮನೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನತ್ತ ತಲೆಯೆತ್ತಲಿಲ್ಲ.

ವಾಣಿಶ್ರೀ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದರು. ಮೀನಿನ ಕಡೆ ನೋಡಲಿಲ್ಲ, ನನ್ನ ಕೈ ನೋಡಿದರು.

"ಎಷ್ಟೊತ್ತಿಂದ ಹುಯ್ತಾ ಇದ್ದೀರಮ್ಮ? ಕೈ ನಡುಗ್ತಾ ಇದೆ. ಏನಾದ್ರೂ ತಿಂದ್ರಾ ನೀವು?"

ನನ್ನ ಮೊಣಕೈ ಹಿಡಿದು ತಿಕ್ಕಿದರು. ನನಗೆ ಅಳು ಒತ್ತರಿಸಿಕೊಂಡು ಬಂತು. ಇಷ್ಟು ದಿನ ಹೊಟ್ಟೆ ಉರಿಸಿಕೊಂಡದ್ದು ಈ ಹೆಂಗಸಿನ ಮೇಲೆ. ಉರಿಸಿಕೊಳ್ಳಬೇಕಾಗಿದ್ದದ್ದು ಆ ಮೀನಿನ ಮೇಲೆ.

"ಬ್ಯಾಟರಿ ಪಂಪ್ ಎಲ್ಲಿ?" ಎಂದು ಇವರನ್ನು ಕೇಳಿದೆ.

"ಅಲ್ಲೇ ಬಿಟ್ಟು ಬಂದೆ ಕಣೇ. ಹವಳಕ್ಕೆ ಬೇಕಲ್ಲ."

"ಹಾಗಾದ್ರೆ ಹಿಡ್ಕೊಳ್ಳಿ" ಎಂದು ಚೆಂಬನ್ನು ಅವರ ಕೈಗೆ ಕೊಟ್ಟೆ. "ಕರೆಂಟ್ ಬರೋವರೆಗೂ ಹುಯ್ತಾ ಇರಿ. ನಿಲ್ಲಿಸಿದ್ರೆ ನಿಮ್ಮ ಬಂಗಾರ ಉಳಿಯಲ್ಲ."

ವಾಣಿಶ್ರೀಯವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೇಣದಬತ್ತಿ ಹಚ್ಚಿದೆ. ಸಾರು ಬಿಸಿ ಮಾಡಿದೆ. ಇಬ್ಬರೂ ನೆಲದ ಮೇಲೆ ಕೂತು ಉಣ್ಣತೊಡಗಿದೆವು. ಅವರಿಗೆ ನಿಜವಾಗಿ ಹಸಿವಾಗಿತ್ತು, ನನಗೂ.

"ಮುನಿಲಕ್ಷ್ಮೀ" ಎಂದು ನಡುಮನೆಯಿಂದ ಇವರ ದನಿ ಬಂತು. "ಕೈ ಬಿದ್ದು ಹೋಗ್ತಾ ಇದೆ ಕಣೇ."

"ಇನ್ನೊಂದು ಸೌಟು ಸಾರು ಹಾಕ್ಲಾ?" ಎಂದು ನಾನು ವಾಣಿಶ್ರೀಯವರನ್ನು ಕೇಳಿದೆ.