ವಟವಟಿಯ ಮಾತು

ಇಬ್ಬರು ಅಕ್ಕತಂಗಿಯರಿಗೂ ಸೇರಿ ಇದ್ದದ್ದು ಒಂದೇ ಮಗು, ಅಕ್ಕನ ಮಗಳು. ಎರಡು ವರ್ಷ ತುಂಬುವ ಮೊದಲೇ ನಲ್ಲಿ, ಬೆಕ್ಕು, ಚಪ್ಪಲಿ ಎಲ್ಲವನ್ನೂ ಮಾತಾಡಿಸುತ್ತಿದ್ದ ಅವಳಿಗೆ ತಂಗಿ ವಟವಟಿ ಎಂದು ಹೆಸರಿಟ್ಟಿದ್ದಳು. "ಇವಳ ಬಾಯಿಗೆ ಬೀಗ ಮಾಡೋನು ಇನ್ನೂ ಹುಟ್ಟಿಲ್ಲ" ಎಂದು ಭಾವ ನಗುತ್ತಿದ್ದರು.

ಚಳಿಗಾಲದಲ್ಲಿ ಮಗುವಿಗೆ ಜ್ವರ ಬಂತು. ಜ್ವರ ಇಳಿಯಿತು, ಮಾತು ಮರಳಲಿಲ್ಲ. ಕತ್ತೂ ನಿಲ್ಲದಾಯಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮಕ್ಕಳ ಡಾಕ್ಟರು, ಜೀವಕೋಶಗಳೊಳಗೆ ಶಕ್ತಿ ತಯಾರಾಗುವ ಕಡೆಯಲ್ಲೇ ಹುಟ್ಟಿನಿಂದ ದೋಷವಿದೆ, ವಾಸಿ ಮಾಡುವ ಔಷಧಿಯಿಲ್ಲ ಎಂದರು.

ತಂಗಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಪ್ರಯೋಗಾಲಯದಲ್ಲಿ ಅವಳ ಕೆಲಸವೇ ಅದು. ಇಲಿಮರಿಯ ಮಿದುಳಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವು ಒಂದಕ್ಕೊಂದು ಬೆಸೆದುಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬೆಸುಗೆ ಬಲಿಯುವ ಹೊತ್ತಿನಲ್ಲಿ ಅದರ ಹಸಿವು ಹೇಳತೀರದು. ಶಕ್ತಿ ತಯಾರಿಸುವ ಕಣಗಳು ತೆವಳಿ ಬಂದು ಪಕ್ಕದಲ್ಲೇ ಠಿಕಾಣಿ ಹೂಡುತ್ತವೆ. ಅವು ಕೈಕೊಟ್ಟರೆ ಬೆಸುಗೆ ಸೊರಗಿ ಕಳಚಿಕೊಳ್ಳುತ್ತದೆ.

ಒಂದು ಮಧ್ಯಾಹ್ನ ಅಕ್ಕ ಪ್ರಯೋಗಾಲಯಕ್ಕೇ ಬಂದಳು. ಕೇಳದೆಯೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಇವೆಲ್ಲ ಸೊರಗಿದ್ವು ಅಂದಿದ್ಯಲ್ಲ?"

"ಹೂಂ. ಒಂದು ದ್ರಾವಣ ಹಾಕಿದ್ವಿ. ಚೇತರಿಸ್ಕೊಂಡಿವೆ."

"ಅದನ್ನೇ ನನ್ನ ಮಗೂಗೂ ಕೊಡೇ."

"ಅಕ್ಕಾ, ಇದು ತಟ್ಟೆ. ಮಗು ಮೈಗೆ ಹೋದ್ರೆ ವಿಷ. ಮಿದುಳಿಗಂತೂ ತಲುಪೋದೇ ಇಲ್ಲ."

"ಇಲಿಗಾಗತ್ತೆ, ನನ್ನ ಮಗಳಿಗಾಗಲ್ವಾ? ಇಷ್ಟು ವರ್ಷ ಓದಿ ಏನು ಕಡಿದು ಕಟ್ಟೆ ಹಾಕ್ದೆ ನೀನು?"

ಅಕ್ಕ ಗೋಡೆಗೊರಗಿ ನೆಲದ ಮೇಲೇ ಕುಸಿದಳು. ತಂಗಿಯೂ ಕೈಗವಸು ಕಳಚಿ ಪಕ್ಕದಲ್ಲಿ ಕೂತಳು. ತಬ್ಬಲು ಹೋದರೆ ಅಕ್ಕ ಕೈ ತಳ್ಳಿದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಅವಳ ಭುಜಕ್ಕೆ ತಲೆಯಿಟ್ಟಳು.

ಗೊತ್ತಿದ್ದೂ ತಂಗಿ ಆ ದ್ರಾವಣದ ಬಗ್ಗೆ ಡಾಕ್ಟರನ್ನು ಕೇಳಿದಳು. "ನಿಮಗೇ ನಾನು ಹೇಳ್ಬೇಕಾ? ಹಸಿದಿರೋಕೆ ಬಿಡಬೇಡಿ, ಜ್ವರ ಬರದ ಹಾಗೆ ನೋಡ್ಕೊಳ್ಳಿ, ಅಷ್ಟೇ" ಎಂದರು ಅವರು.

ಅಂದಿನಿಂದ ಅವಳು ಕೆಲಸ ಮುಗಿಸಿ ನೇರ ಅಕ್ಕನ ಮನೆಗೆ ಹೋಗತೊಡಗಿದಳು. ನುಂಗಲೂ ಆಗದ ಮಗುವಿಗೆ ಮೂಗಿನ ನಳಿಗೆಯಲ್ಲಿ ಸಂಜೆಯ ಹಾಲು ಇಳಿಸುವುದು ಅವಳ ಪಾಲಿಗೆ ಬಂತು. ಎಷ್ಟು ಕಾಪಾಡಿದರೂ ಮಳೆಗಾಲದಲ್ಲಿ ಇನ್ನೊಂದು ಜ್ವರ ಬಂದೇ ಬಂತು. ಅದು ಹೋದ ಮೇಲೆ ಮಗು ಅಮ್ಮನ ಮುಖ ಕಂಡರೂ ನಗಲಿಲ್ಲ.

ತಟ್ಟೆಯ ಕೋಶಗಳು ಮಾತ್ರ ಚೆನ್ನಾಗಿ ಬೆಳೆದವು. ಅದನ್ನು ತಂಗಿ ದೊಡ್ಡ ಸಭೆಯೊಂದರಲ್ಲಿ ಚಿತ್ರ ತೋರಿಸಿ ವಿವರಿಸಿದಾಗ ಚಪ್ಪಾಳೆ ಬಿತ್ತು. ಯಾರೋ ಪ್ರಶ್ನೆ ಕೇಳಲು ಕೈಯೆತ್ತಿದ್ದರು. ಅವಳು ನಿಲ್ಲದೆ ಬಸ್ಸು ಹಿಡಿದಳು.

ಅಕ್ಕ ಬಾಗಿಲು ತೆಗೆದು, "ಹಾಲು ಬಿಸಿಗಿಟ್ಟಿದೀನಿ. ಕೈ ತೊಳ್ಕೊಂಡು ಬಾ" ಎಂದಳು.